ಬೇರಿಂಗಿನ ಕೂಗೋ, ಕಿವಿಯ ಕೂಗೋ

ನೂಲಿನ ಕಾರ್ಖಾನೆಯಲ್ಲಿ ಎಲ್ಲರೂ ಅವನನ್ನು ಕಿವಿಯಣ್ಣ ಎಂದೇ ಕರೆಯುತ್ತಿದ್ದರು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಓಡುವ ಮೋಟರಿಗೊತ್ತಿ, ಹಿಡಿಯನ್ನು ಕಿವಿಗೆ ಆನಿಸಿದನೆಂದರೆ ಒಳಗಿನ ಬೇರಿಂಗಿನ ಜಾತಕವನ್ನೆಲ್ಲ ಹೇಳಿಬಿಡುತ್ತಿದ್ದ. ಮೂವತ್ತು ವರ್ಷ ಅವನ ಮಾತಿಗೆ ಎರಡಿರಲಿಲ್ಲ.

ಹತ್ತು ತಿಂಗಳಿಂದ ಅದೇ ಕಿವಿಯೊಳಗೆ ಜೀರುಂಡೆ ಹೊಕ್ಕಂತೆ ಒಂದೇ ಸಮನೆ ಕೀಂ ಎನ್ನುವ ಸದ್ದು. ತೋರಿಸಿಕೊಂಡು ಬಂದ ಮೇಲೆ ಆಸ್ಪತ್ರೆಯವರು ದಿನಕ್ಕೊಂದು ಧೈರ್ಯದ ಮಾತನ್ನು ಮೊಬೈಲಿಗೆ ಕಳಿಸತೊಡಗಿದರು.

“ನಾನು ಹೇಳಿದ್ದು ಒಂದು ದಿನಾನೂ ಕಿವಿಗೆ ಬೀಳಲಿಲ್ಲ, ಮೊಬೈಲ್ ಹೇಳಿದ್ರೆ ತಲೆ ಆಡಿಸ್ತೀರಿ” ಎಂದು ಹೆಂಡತಿ ಛೇಡಿಸುತ್ತಿದ್ದಳು.

ಕಾರ್ಖಾನೆಯಲ್ಲಿ ಮಾತ್ರ ಅವನು ತುಟಿಪಿಟಕ್ಕೆಂದಿರಲಿಲ್ಲ. ಕಿವಿ ಕೆಟ್ಟ ಕಿವಿಯಣ್ಣ ಯಾರಿಗೆ ಬೇಕು? ಹೋದ ತಿಂಗಳು ಗಟ್ಟಿಮುಟ್ಟಾಗಿದ್ದ ಎರಡು ಬೇರಿಂಗುಗಳನ್ನು ಕೆಟ್ಟಿವೆಯೆಂದು ಬಿಚ್ಚಿಸಿದ್ದ. ಅದು ನಗೆಯಲ್ಲೇ ಹೋಗಿತ್ತು.

ಈಗ ಎದುರಿಗಿದ್ದದ್ದು ದೊಡ್ಡ ಮೋಟರು. ನೂಲುವ ಯಂತ್ರದ ಲೋಡು ಕೊಟ್ಟಾಗ ಬೇರಿಂಗು ತಿರುಗದೆ ಹಿಡಿದುಕೊಂಡರೆ ಬೆಲ್ಟು ಹರಿದು, ಮಾರು ದೂರದಲ್ಲಿ ನಿಂತು ನೂಲು ನೋಡಿಕೊಳ್ಳುವ ಹೆಂಗಸಿನ ಮೈಗೇ ಬಡಿಯಬೇಕು.

“ಏನಂತದೆ ಕಿವಿಯಣ್ಣ?” ಯಜಮಾನ ಗಡಿಯಾರ ನೋಡಿದ. “ಬಿಚ್ಚಿಸಿ ಏನೂ ಸಿಗದಿದ್ರೆ ಈ ಸಲ ನಾನು ನಗಲ್ಲ.”

ಅವನು ಆಲಿಸಿದ. ಕೀಂ. ಹಿಡಿಯನ್ನು ಕಿವಿಯಿಂದ ತೆಗೆದ. ಆಗಲೂ ಕೀಂ. ಜೇಬಿನಲ್ಲಿ ಮೊಬೈಲು ನಡುಗಿತು: ‘ಬಚ್ಚಿಟ್ಟಷ್ಟೂ ಸದ್ದು ದೊಡ್ಡದಾಗುತ್ತದೆ. ಇಂದು ಒಬ್ಬರಿಗಾದರೂ ಹೇಳಿ.’

ದಡದಲ್ಲಿ ಕೂತವರಿಗೇನು, ಮುಳುಗುವವನು ನಾನು ಎಂದು ಅವನಿಗೆ ಸಿಟ್ಟು ಬಂತು.

“ಲೋಡ್ ಕೊಡ್ಲಾ ಮಾವ?” ಆ ಹೆಂಗಸು ಕೂದಲು ಬಿಗಿದುಕೊಂಡು ಬೆಲ್ಟಿನ ಪಕ್ಕದಲ್ಲೇ ನಿಂತಿದ್ದಳು.

“ಬೇಡ. ಯಜಮಾನ್ರೇ, ನನ್ನ ಕಿವೀಲೇ ಸದ್ದಿದೆ. ಹತ್ತು ತಿಂಗಳಾಯ್ತು. ಕೂಗ್ತಿರೋದು ಬೇರಿಂಗೋ ನಾನೋ, ಗೊತ್ತಾಗ್ತಿಲ್ಲ.”

ಹೆಂಗಸು ಮುಂದೆ ಬಂದು ಸ್ಕ್ರೂಡ್ರೈವರು ಇಸಿದುಕೊಂಡು ಕಿವಿಗೆ ಆನಿಸಿದಳು.

“ನಂಗೇನು ತಿಳೀತದೆ? ಮರಳು ಅಗಿದ ಹಾಗೆ ಕರಕರ ಅಂತದೆ.”

ಆ ಕರಕರ ಅವನಿಗೆ ಕೇಳಿಸಿಯೇ ಇರಲಿಲ್ಲ. “ನಿಲ್ಸಿ. ಬಿಚ್ಚಿ.”

ಬಿಚ್ಚಿದರೆ ಬೇರಿಂಗಿನ ಗುಂಡುಗಳೆರಡು ಒಡೆದು ಚೂರಾಗಿದ್ದವು.

ಯಜಮಾನ ಆ ಚೂರುಗಳನ್ನು ಅಂಗೈಯಲ್ಲಿ ಹೊರಳಿಸಿ ನೋಡಿ, “ಇನ್ಮೇಲೆ ಕೇಳೋದು ಇವಳು. ನೀನು ಪಕ್ಕದಲ್ಲಿರು” ಎಂದು ಹೊರಟುಹೋದ. ಕೆಲಸ ಉಳಿಯಿತೋ ಕೈಬಿಟ್ಟಿತೋ, ಕಿವಿಯಣ್ಣನಿಗೆ ತಿಳಿಯಲಿಲ್ಲ. ಅವಳ ಕಡೆ ತಿರುಗಿ, ತನ್ನ ಕಿವಿಯ ಕೀಂ ಮೀರಿಸುವಂತೆ ಕೂಗಿ ಹೇಳಿದ.

“ಕರಕರ ಅಂದ್ರೆ ಗುಂಡು ಒಡೆದಿದೆ. ಸಿಳ್ಳೆ ಹಾಕಿದ್ರೆ ಗ್ರೀಸ್ ಒಣಗಿದೆ. ನೆನಪಿಟ್ಕೋ.”

“ಮೆಲ್ಲಗೆ ಹೇಳಿ ಮಾವ” ಎಂದಳು ಅವಳು. “ನನ್ನ ಕಿವಿ ಇನ್ನೂ ನೆಟ್ಟಗಿದೆ.”