ಗಾತೊನ ಗುಡಿಯ ನೀರು

ದೊನ್ ಒನೊಫ್ರೆ ಚಾಯಾಪಾ ರಸ್ತೆ ಬದಿಯ ಯಾವ ಗುಡಿಯನ್ನೂ ವಂದಿಸದೆ ದಾಟಿದವರಲ್ಲ. ನಮ್ಮ ಮರುಭೂಮಿಯಲ್ಲಿ ರಸ್ತೆಯಲ್ಲಿ ಸತ್ತವರಿಗೆ ಸತ್ತ ಜಾಗದಲ್ಲೇ ನಾಯಿಗೂಡಿನಷ್ಟು ಗಾತ್ರದ ಒಂದು ಗುಡಿ ಏಳುತ್ತದೆ. ಹಾದುಹೋಗುವವರು ಸತ್ತವರ ಬಾಯಾರಿಕೆಗೆಂದು ನೀರಿನ ಬಾಟಲಿ ಇಡುತ್ತಾರೆ, ಏನನ್ನಾದರೂ ಬೇಡಿಕೊಳ್ಳುತ್ತಾರೆ, ಬೇಡಿದ್ದು ಕೈಗೂಡಿದರೆ ಕೃತಜ್ಞತೆ ಬರೆಸಿದ ತಗಡೊಂದನ್ನು ಮೊಳೆ ಹೊಡೆದು ಹೋಗುತ್ತಾರೆ. ಕಿಯಾಗ್ವಾ ಊರಿನಿಂದ ನಾವು ನಾಲ್ವರು ಸೈಕಲ್‌ಗಳಲ್ಲಿ ಉತ್ತರಕ್ಕೆ ಹೊರಟ ಆ ಬೆಳಿಗ್ಗೆಯೂ ಒನೊಫ್ರೆ ಪ್ರತಿ ಗುಡಿಯ ಎದುರು ಹ್ಯಾಂಡಲ್‌ನಿಂದ ಒಂದು ಕೈ ತೆಗೆದು ಹೆಲ್ಮೆಟ್ಟನ್ನು ಮುಟ್ಟಿಕೊಳ್ಳುತ್ತಿದ್ದರು. ಒಂದು ಗುಡಿಯ ಬಗ್ಗೆ ಮಾತ್ರ ಅವರಿಗೆ ಆ ಆದರ ಇರಲಿಲ್ಲ. ಅದೇಕೆಂಬುದು ಹೊರಡುವ ಮುಂಚಿನ ಚಹಾದ ಹೊತ್ತಿನಿಂದಲೂ ನನ್ನನ್ನು ಕೆಣಕುತ್ತಿತ್ತು.

ಚಹಾ ಕುಡಿಯುವಾಗ ಆ ಗುಡಿಯ ಮಾತು ತೆಗೆದವನು ನಮ್ಮ ತಂಡದ ಮುಂದಾಳು ನಿಬಾಲ್ದೊ. ಇಕೀಕೆಯ ಬಂದರಿನಲ್ಲಿ ಕ್ರೇನ್ ನಡೆಸುವವನು.

"ಇವತ್ತು ಗಾತೊನ ಹತ್ರ ನಿಲ್ಲಲೇಬೇಕು. ನನ್ನ ಮಗಳ ತಗಡು ಅಲ್ಲಿದೆ, ಉಜ್ಜಿ ಹೊಳಪು ಬರಿಸ್ಬೇಕು."

ಗಾತೊ ಎಂದರೆ ಬೆಕ್ಕು. ಬಹಳ ವರ್ಷಗಳ ಹಿಂದೆ ಲಾರಿಯೊಂದಿಗೆ ಸುಟ್ಟುಹೋದನೆನ್ನಲಾದ ತಿಳಿಗಣ್ಣಿನ ಚಾಲಕನೊಬ್ಬನಿಗೆ ಉಳಿದ ಚಾಲಕರು ಇಟ್ಟಿದ್ದ ಅಡ್ಡಹೆಸರು ಅದು. ಆ ಹೆಸರಿನಲ್ಲೇ ಗುಡಿ ಪ್ರಸಿದ್ಧವಾಗಿತ್ತು. ಪೋಲಿಯೊ ಅಲ್ಲದ ಯಾವುದೋ ಜ್ವರದಿಂದ ಕಾಲು ಸೋತಿದ್ದ ನಿಬಾಲ್ದೊನ ಮಗಳು ಗಾತೊನಿಗೆ ಹರಕೆ ಹೊತ್ತ ಮೇಲೆ ಎದ್ದು ನಡೆದಿದ್ದಳು.

"ಅಲ್ಲಿ ನಿಲ್ಲೋದು ಬೇಡಪ್ಪ," ಎಂದರು ಒನೊಫ್ರೆ. "ಬಿಸಿಲೇರೋದ್ರೊಳಗೆ ದಾಟಿಬಿಡೋಣ."

"ಯಾಕೆ ದೊನ್ ಒನೊಫ್ರೆ, ಗಾತೊ ನಿಮಗೇನಾದ್ರೂ ಬಾಕಿ ಇಟ್ಟು ಸತ್ನಾ?"

"ಅವನನ್ನ ಚೆನ್ನಾಗಿ ಬಲ್ಲೆ. ನೀವೆಲ್ಲ ಅಂದ್ಕೊಂಡಷ್ಟು ಒಳ್ಳೇ ಮನುಷ್ಯ ಏನಲ್ಲ."

"ಸತ್ತೋರ ಬಗ್ಗೆ ಹಾಗನ್ಬಾರ್ದು," ಎಂದು ನಿಬಾಲ್ದೊ ಮುಖ ಬಿಗಿದುಕೊಂಡ. ಒನೊಫ್ರೆ ಕೆನ್ನೆಯಲ್ಲಿಟ್ಟು ಅಗಿಯುತ್ತಿದ್ದ ಕೋಕಾ ಎಲೆಯನ್ನು ಒಂದು ಬದಿಯಿಂದ ಇನ್ನೊಂದು ಬದಿಗೆ ಸರಿಸಿದರು. ಅದು ಅವರು ಮಾತು ಮುಗಿಸುವ ರೀತಿ.

ಪೋಸೊ ಅಲ್ಮೊಂತೆಯಲ್ಲಿ ಸೈಕಲ್ ರಿಪೇರಿ ಅಂಗಡಿ ಇಟ್ಟಿರುವ ಅವರನ್ನು, ಸವಾರಿಗಳ ಬಗ್ಗೆ ಬರೆಯುವವಳಾದ ನಾನು ಆರು ವರ್ಷಗಳಿಂದ ಬಲ್ಲೆ. ಆಂಟೊಫಾಗಾಸ್ತಾದಿಂದ ಅರೀಕಾದವರೆಗಿನ ನಮ್ಮ ಈ ವಾರ್ಷಿಕ ಸೈಕಲ್ ಸವಾರಿಯ ಮೆಕ್ಯಾನಿಕ್ ಅವರೇ. ಸವಾರಿಯಿಂದ ಕೂಡುವ ದೇಣಿಗೆ ಇಕೀಕೆಯಲ್ಲಿ ಮೂತ್ರಪಿಂಡದ ರೋಗಿಗಳು ತಂಗುವ ಮನೆಗೆ ಸಲ್ಲುತ್ತದೆ; ಅವರ ಹೆಂಡತಿ ಹಿಲಾರಿಯಾ ಒಂದು ಕಾಲದಲ್ಲಿ ಅಲ್ಲಿದ್ದವರು. ಮೂರು ಹಳೆಯ ಸೈಕಲ್‌ಗಳನ್ನು ಕೂಡಿಸಿ ಕಟ್ಟಿದ, ಕತ್ತೆಯಷ್ಟು ತೂಕದ ಸೈಕಲ್ ಅವರದು. ಎಂಥ ಸೆಕೆಯಲ್ಲೂ ಹೆಲ್ಮೆಟ್ಟಿನ ಅಡಿಯಲ್ಲಿ ಕಿವಿ ಮುಚ್ಚುವ ಉಣ್ಣೆಯ ಟೋಪಿ. ಪರ್ವತದ ಮೇಲಿನ ಹಳ್ಳಿಯವರಾದ್ದರಿಂದ ಅದು ಅಭ್ಯಾಸವೆಂದು ನಾನು ತಿಳಿದಿದ್ದೆ.

ಹತ್ತು ಗಂಟೆಯ ಮೇಲೆ ರಸ್ತೆ ವಿಚಿತ್ರವಾಗಿ ನಿಶ್ಶಬ್ದವಾಯಿತು. ಲಾರಿಗಳಿಲ್ಲ, ಬಸ್ಸುಗಳಿಲ್ಲ, ಮೊದಲಿಗೆ ಅದು ಹಿತವೆನಿಸಿತು. ನಾವು ದಾಟಿ ಬಂದ ತಿರುವಿನಲ್ಲಿ ಆಮ್ಲದ ಟ್ಯಾಂಕರೊಂದು ಮಗುಚಿ, ಪೊಲೀಸರು ಎರಡೂ ದಿಕ್ಕಿನಲ್ಲಿ ಬಹು ದೂರದಲ್ಲೇ ವಾಹನಗಳನ್ನು ತಡೆದಿದ್ದರೆಂದು ತಿಳಿದದ್ದು ಆಮೇಲೆ. ಹಿಂದೆ ಬರಬೇಕಾಗಿದ್ದ ನೀರಿನ ವ್ಯಾನು ಬರಲಿಲ್ಲ. ಫೋನಿಗೆ ಸಿಗ್ನಲ್ ಇರಲಿಲ್ಲ. ಯಾಸ್ನಾ ಎಂಬ ಸಂಗೀತದ ಶಿಕ್ಷಕಿ ಇದೇ ಮೊದಲ ಬಾರಿ ನಮ್ಮ ಜೊತೆ ಬಂದವಳು. ವ್ಯಾನು ಹಿಂದೆಯೇ ಇದೆಯೆಂಬ ಧೈರ್ಯದಿಂದ ತನ್ನ ಕೊನೆಯ ಬಾಟಲಿಯನ್ನು ತಲೆಯ ಮೇಲೆ ಸುರಿದುಕೊಂಡಿದ್ದಳು. ನಮ್ಮ ಬಾಟಲಿಗಳಲ್ಲಿ ಉಳಿದಿದ್ದುದನ್ನೂ ಅವಳಿಗೇ ಕುಡಿಸಿ ಮುಗಿಸಿದೆವು.

ಗಾತೊನ ಗುಡಿ ಕಣ್ಣಿಗೆ ಬೀಳುವ ಹೊತ್ತಿಗೆ ಅವಳ ಸೈಕಲ್ ಹಾವಿನಂತೆ ಹರಿಯುತ್ತಿತ್ತು. ಗುಡಿಯ ತಗಡಿನ ಚಪ್ಪರದ ನೆರಳಿನಲ್ಲಿ ಅವಳನ್ನು ಇಳಿಸಿ ಮಲಗಿಸಿದೆವು. ಅವಳ ಮೈ ಕಾದಿತ್ತು, ಬೆವರು ನಿಂತುಹೋಗಿತ್ತು. ಕೈಯಳತೆಯಲ್ಲಿ ಸಾಲುಸಾಲು ನೀರಿನ ಬಾಟಲಿಗಳು. ಎಷ್ಟೋ ಬಿಸಿಲಿಗೆ ಹಳದಿಗಟ್ಟಿದವು, ಮುಂದಿನ ಸಾಲಿನವು ಮುಚ್ಚಳವನ್ನೂ ಒಡೆಯದ ಹೊಸವು.

ನಾನು ಒಂದಕ್ಕೆ ಕೈ ಹಾಕಿದೆ. ನಿಬಾಲ್ದೊ ನನ್ನ ಮಣಿಕಟ್ಟು ಹಿಡಿದ.

"ಬೇಡ. ಸತ್ತೋರ ನೀರು ಕಸ್ಕೊಂಡ್ರೆ ಅವರು ಕೊಟ್ಟಿದ್ದನ್ನ ವಾಪಸ್ ತಗೋತಾರೆ. ನನ್ನ ಮಗಳು ನಡೀತಿದಾಳೆ, ಗೊತ್ತಲ್ವಾ?"

"ಇವಳು ಸಾಯ್ಲಾ ಹಾಗಾದ್ರೆ?"

"ನಾನು ಹಾಗಂದ್ನಾ? ಮುಂದಿನ ಹೋಟ್ಲಿಗೆ ನಾನೇ ಸೈಕಲ್ ಓಡ್ಸಿ ನೀರು ತರ್ತೀನಿ."

ಆ ಹೋಟೆಲಿಗೆ ಹೋಗಿಬರಲು ಮೂರು ಗಂಟೆಯ ದಾರಿ. ಯಾಸ್ನಾ ಅಷ್ಟು ಹೊತ್ತು ತಾಳುವ ಸ್ಥಿತಿಯಲ್ಲಿರಲಿಲ್ಲ. ನಾನು ಅವನ ಕೈ ಕೊಡವಿ ಬಾಟಲಿಯನ್ನು ಅವಳ ಬಾಯಿಗೆ ಹಿಡಿದೆ. ಅವಳು ತುಟಿ ಬಿಗಿದು ಮುಖ ತಿರುಗಿಸಿದಳು.

"ನಂಗೆ ಬೇಡ... ಆ ಹುಡುಗಿಗೆ ಏನಾದ್ರೂ ಆದ್ರೆ..."

ಒನೊಫ್ರೆ ಅಷ್ಟು ಹೊತ್ತೂ ಗುಡಿಗೆ ಬೆನ್ನು ಹಾಕಿ ನಿಂತಿದ್ದರು. ಈಗ ಹೆಲ್ಮೆಟ್ ಕಳಚಿದರು, ಉಣ್ಣೆಯ ಟೋಪಿಯನ್ನೂ ಕಳಚಿದರು. ಎಡಗಿವಿ ಇರಬೇಕಾದಲ್ಲಿ ಕರಗಿದ ಮೇಣದಂತಹ ಚರ್ಮವಿತ್ತು.

"ಕುಡಿ ಮಗಳೇ. ಇದು ನನ್ನ ನೀರು. ನಾನೇ ಕೊಡ್ತಿದೀನಿ."

ಆರು ವರ್ಷ ಕಂಡಿದ್ದ ಅವರ ತಿಳಿಗಣ್ಣುಗಳು ಬೆಕ್ಕಿನವೆಂದು ನನಗೆ ಹೊಳೆದದ್ದು ಆಗಲೇ.

"ನಿಬಾಲ್ದೊ, ಆ ನಂಬರ್ ಪ್ಲೇಟಿನ ತಂತಿ ಬಿಚ್ಚಿ ನೋಡಪ್ಪ. ಹಿಂದ್ಗಡೆ ಹಿಲಾರಿಯಾ ಅಂತ ಗೀಚಿದೆ. ಮದುವೆಗೆ ಮುಂಚೆ ನಾನು ಮೊಳೇಲಿ ಬರ್ದಿದ್ದು."

ಗುಡಿಯ ನೆತ್ತಿಯಲ್ಲಿ ಗಾತೊನ ಸುಟ್ಟ ಲಾರಿಯ ಪ್ಲೇಟನ್ನು ತಂತಿಯಿಂದ ಬಿಗಿದಿದ್ದರು. ನಿಬಾಲ್ದೊ ಬಿಚ್ಚಿ, ತಿರುಗಿಸಿ, ಗೀಚಿದ್ದ ಹೆಸರಿನ ಮೇಲೆ ಬೆರಳಾಡಿಸಿದ. ಅಷ್ಟರಲ್ಲಿ ಒನೊಫ್ರೆ ಬಾಟಲಿಯಿಂದ ತಾವೊಂದು ಗುಟುಕು ಕುಡಿದು, ಯಾಸ್ನಾಳ ತಲೆ ಎತ್ತಿ ಹಿಡಿದು ಸ್ವಲ್ಪಸ್ವಲ್ಪವಾಗಿ ಕುಡಿಸತೊಡಗಿದರು. ಈ ಬಾರಿ ಅವಳು ಕುಡಿದಳು. ಇನ್ನೆರಡು ಬಾಟಲಿಗಳನ್ನು ಅವಳ ಕುತ್ತಿಗೆಗೂ ಕಂಕುಳಿಗೂ ಸುರಿದೆವು.

ಕುಡಿಸುತ್ತಲೇ ಅವರು ಹೇಳಿದ್ದು ಇಷ್ಟು. ಲಾರಿ ಹೊತ್ತಿಕೊಂಡಾಗ ಬಾಗಿಲಿನಿಂದ ಹಾರಿ ಬಿದ್ದ ಅವರನ್ನು ದಕ್ಷಿಣದ ಕಡೆ ಹೋಗುತ್ತಿದ್ದ ಯಾರೋ ಹೊತ್ತೊಯ್ದಿದ್ದರು. ಬೂದಿಯನ್ನಷ್ಟೇ ಕಂಡ ಜೊತೆಗಾರರು ವಾರದೊಳಗೆ ಗುಡಿ ಕಟ್ಟಿದರು. ಅವರು ಆಸ್ಪತ್ರೆಯಲ್ಲಿ ತಿಂಗಳುಗಟ್ಟಲೆ ಕಳೆದು, ಹೆಂಡತಿಯ ಊರಿನಲ್ಲಿ ಸುಧಾರಿಸಿಕೊಂಡು ಇಲ್ಲಿಗೆ ಬಂದು ನೋಡಿದರೆ ಮೊದಲ ತಗಡು ಆಗಲೇ ಹೊಡೆದಾಗಿತ್ತು: ಕಳೆದುಹೋದ ಮಗ ಸಿಕ್ಕನೆಂದು ಯಾರೋ ತಾಯಿ ಬರೆಸಿದ್ದು.

"ಕಿತ್ತು ಹಾಕೋಣ ಅಂತಲೇ ಸುತ್ತಿಗೆ ತಂದಿದ್ದೆ. ಆ ತಗಡು ನೋಡಿ ಕೈ ಬರ್ಲಿಲ್ಲ. ಮತ್ತೆ ಲಾರಿ ಹತ್ಲೂ ಇಲ್ಲ. ಸತ್ತಿರೋ ಮನುಷ್ಯ ಸ್ಟಿಯರಿಂಗ್ ಹಿಡ್ಕೊಂಡು ಎದುರಿಗೆ ಬಂದ್ರೆ ಜನ ಏನಾಗ್ತಾರೆ!"

ಯಾಸ್ನಾ ನಗಲು ಯತ್ನಿಸಿ ಕೆಮ್ಮಿದಳು. ಅವಳ ಹಣೆಯಲ್ಲಿ ಬೆವರಿನ ಹನಿಗಳು ಕಂಡವು. ಬೆವರು ಕಂಡು ನನಗೆ ಅಷ್ಟು ಸಮಾಧಾನವಾದದ್ದು ಬೇರೆ ನೆನಪಿಲ್ಲ.

ನಿಬಾಲ್ದೊ ಮಗಳ ತಗಡಿನ ಮುಂದೆ ಕುಕ್ಕರುಗಾಲಿನಲ್ಲಿ ಕುಳಿತಿದ್ದ. ಉಜ್ಜಲೆಂದು ತಂದ ಬಟ್ಟೆ ಕೈಯಲ್ಲೇ ಇತ್ತು.

"ಹಾಗಾದ್ರೆ ನನ್ನ ಮಗಳನ್ನ ನಡೆಸಿದ್ದು ಯಾರು?"

"ನಂಗೊತ್ತಿಲ್ಲ ನಿಬಾಲ್ದೊ. ನಾನಂತೂ ಅಲ್ಲ. ಅವತ್ತು ನಾನು ಯಾರದ್ದೋ ಟ್ಯೂಬಿಗೆ ಪಂಕ್ಚರ್ ಹಾಕ್ತಾ ಇದ್ದೆ ಅನ್ಸತ್ತೆ."

"ಆರು ವರ್ಷ ನನ್ನ ಪಕ್ಕದಲ್ಲೇ ತುಳ್ಕೊಂಡು ಬಂದ್ರಿ."

"ಹೌದು." ಒನೊಫ್ರೆ ಎಲೆಯನ್ನು ಇನ್ನೊಂದು ಕೆನ್ನೆಗೆ ಸರಿಸಿದರು. ಆದರೆ ಈ ಸಲ ಮಾತು ಮುಗಿದಿರಲಿಲ್ಲ. "ನಾನೂ ಒಂದ್ಸಲ ಇಲ್ಲಿ ಬೇಡ್ಕೊಂಡಿದೀನಿ. ಹಿಲಾರಿಯಾಗೆ ಕಿಡ್ನಿ ಸಿಗ್ಲಿ ಅಂತ."

"ಯಾರ ಹತ್ರ ಬೇಡ್ಕೊಂಡ್ರಿ?"

"ಇವನ ಹತ್ರಾನೇ." ಅವರು ಗುಡಿಯ ಕಡೆ ಬೆರಳು ತೋರಿಸಿದರು. "ಬೇರೆ ಯಾರೂ ಉಳಿದಿರ್ಲಿಲ್ಲ. ಮೂರು ವಾರದಲ್ಲಿ ಆಸ್ಪತ್ರೆಯಿಂದ ಕರೆ ಬಂತು."

ಅವರ ಬೆರಳು ಹೋದ ಕಡೆ ನೋಡಿದೆ. ಕೆಳಗಿನ ಮೂಲೆಯಲ್ಲಿ ಹೆಸರಿಲ್ಲದ ಒಂದು ತಗಡು ಇತ್ತು. ಅದನ್ನು ಸೈಕಲ್ಲಿನ ಮಡ್‌ಗಾರ್ಡಿನಿಂದ ಕತ್ತರಿಸಿದ್ದರು.

ನಿಬಾಲ್ದೊ ಅದನ್ನೂ ನೋಡಿದ. ಪ್ಲೇಟನ್ನು ಮತ್ತೆ ನೆತ್ತಿಗೆ ಬಿಗಿದು, ತಂತಿಯ ತುದಿಯನ್ನು ಒಳಕ್ಕೆ ಮಡಿಸಿ, ಮಗಳ ತಗಡನ್ನು ಉಜ್ಜಲು ಶುರುಮಾಡಿದ. ಅದು ಮುಗಿದ ಮೇಲೆ ಮಡ್‌ಗಾರ್ಡಿನ ತಗಡನ್ನೂ ಉಜ್ಜಿದ.

ಮಧ್ಯಾಹ್ನದ ಗಾಳಿ ಎದ್ದ ಮೇಲೆ ರಸ್ತೆ ತೆರೆಯಿತು, ವ್ಯಾನು ಬಂತು. ಯಾಸ್ನಾಳನ್ನು ಅದರಲ್ಲಿ ಮಲಗಿಸಿದೆವು. ನಿಬಾಲ್ದೊ ವ್ಯಾನಿನಿಂದ ನಾಲ್ಕು ಬಾಟಲಿ ಇಳಿಸಿ, ನಾವು ಖಾಲಿ ಮಾಡಿದ ಮೂರರ ಜಾಗದಲ್ಲಿ ಮೂರನ್ನಿಟ್ಟ. ನಾಲ್ಕನೆಯದನ್ನು ಒನೊಫ್ರೆಯ ಕೈಗೆ ಕೊಟ್ಟ.

"ಊರಲ್ಲಿ ಯಾರಿಗೂ ಹೇಳಲ್ಲ," ಎಂದ. "ನೀವೂ ಹೇಳ್ಬೇಡಿ." ನನ್ನ ಕಡೆ ಕೈ ತೋರಿಸಿದ. "ಇವಳು ಬರೆಯೋದಿದ್ರೆ ಹೆಸರು ಬದಲಾಯಿಸಿ ಬರೀಲಿ."

ನಾನು ಒಪ್ಪಿದೆ, ಇಲ್ಲಿ ಹಾಗೆಯೇ ಮಾಡಿದ್ದೇನೆ.

ಸೈಕಲ್ ಹತ್ತುವಷ್ಟರಲ್ಲಿ ತಡೆಹಿಡಿದಿದ್ದ ಲಾರಿಗಳ ಸಾಲು ದಕ್ಷಿಣದಿಂದ ಬಂತು. ಮೊದಲನೆಯದು ಗುಡಿಗೆ ವಂದಿಸಿ ಉದ್ದಕ್ಕೆ ಹಾರ್ನ್ ಹೊಡೆಯಿತು. ಒನೊಫ್ರೆ ಹಳೆಯ ಅಭ್ಯಾಸಕ್ಕೆ ಕೈ ಎತ್ತಿದರು.

"ನಿಮಗಲ್ಲ ಅದು," ಎಂದ ನಿಬಾಲ್ದೊ.

"ಗೊತ್ತು ಬಿಡಪ್ಪ," ಎಂದರು ಒನೊಫ್ರೆ. ಆದರೆ ಎರಡನೆಯ ಲಾರಿಗೂ ಕೈ ಎತ್ತಿದರು.