ತಗಡಜ್ಜನ ಕೈ

ತಗಡಜ್ಜನಿಗೆ ಬಾಯಿಗಿಂತ ಕೈ ಮುಂದು. ಟ್ರಂಕು, ಡಬ್ಬ, ಹೊಗೆಕೊಳವೆ ಮಾಡುವವನು. ತಗಡಿಗೆ ಕೊಟ್ಟು ಮಿಕ್ಕ ಏಟನ್ನು ಮನುಷ್ಯರಿಗೆ ಹಂಚಿಕೊಂಡೇ ಬಂದವನು. ಒಡಹುಟ್ಟಿದ ತಮ್ಮನ ಹಲ್ಲು ಉದುರಿಸಿದ್ದ. ಹೆಂಡತಿಯಂತೂ ಬದುಕಿದ್ದಷ್ಟು ದಿನ ಅವನ ಹೆಜ್ಜೆ ಸಪ್ಪಳಕ್ಕೇ ನಡುಗಿದಳು. ಇಂಥವನು ಮೆತ್ತಗಾಗುತ್ತಿದ್ದುದು ಮೊಮ್ಮಗಳು ಗುಬ್ಬಿಯ ಎದುರು ಮಾತ್ರ. ಇನ್ನೂ ಮೂರು ತುಂಬದ ಆ ಮಗು ಅಂಗಡಿಯ ನೆಲದಲ್ಲಿ ತಗಡು ಜೋಡಿಸುವ ರಿವೆಟ್ಟು ಮೊಳೆಗಳನ್ನು ಸಾಲಾಗಿ ಜೋಡಿಸುತ್ತಿತ್ತು. ಯಾರಾದರೂ ಒಂದನ್ನು ಕದಲಿಸಿದರೆ ಸಾಕು, ತಲೆಯನ್ನು ಗೋಡೆಗೆ ಚಚ್ಚಿಕೊಳ್ಳುತ್ತಿತ್ತು. "ಥೇಟ್ ನನ್ನ ರಕ್ತ!" ಎಂದು ಅಜ್ಜ ಬೀಗುತ್ತಿದ್ದ.

ಗುಬ್ಬಿಯ ತಾಯಿಯಾದ ಅವನ ಮಗಳಿಗೆ ಮಾತ್ರ ಜೀವದಲ್ಲಿ ಜೀವವಿರಲಿಲ್ಲ. "ಅಪ್ಪಾ, ಕೂಗಿದ್ರೆ ತಿರುಗಲ್ಲ. ಮುಖ ನೋಡಲ್ಲ. ಏನಾದ್ರೂ ಬೇಕಾದ್ರೆ ಬೆರಳು ತೋರಿಸಲ್ಲ, ನಮ್ಮ ಕೈನೇ ಎಳ್ಕೊಂಡು ಹೋಗಿ ಅದರ ಮೇಲಿಡ್ತಾಳೆ. ಆಟಿಸಂ ಇರಬಹುದು, ಬೇಗ ಡಾಕ್ಟರಿಗೆ ತೋರಿಸಿ ಅಂದ್ರು ಲಸಿಕೆ ಹಾಕೋ ನರ್ಸು. ಇವತ್ತು ಹೋಗ್ತೀನಿ."

"ಮಗೂಗೆ ಹುಚ್ಚಿ ಅಂತ ಹಣೆಪಟ್ಟಿ ಕಟ್ಟಿಸ್ತೀಯಾ? ಕಿವಿ ಮಂದ, ಅಷ್ಟೆ. ನೋಡು ಬೇಕಾದ್ರೆ!"

ಮಗುವಿನ ಬೆನ್ನ ಹಿಂದೆ ತಗಡು ಹಿಡಿದು ಸುತ್ತಿಗೆಯಿಂದ ಬಾರಿಸಿಯೇ ಬಿಟ್ಟ. ಗುಬ್ಬಿ ಕಿವಿ ಮುಚ್ಚಿಕೊಂಡು ಕಿರುಚಿತು, ತಿರುಗಿ ಅವನ ಮುಂಗೈಗೆ ಹಲ್ಲು ಊರಿತು. ರಕ್ತ ಚಿಮ್ಮಿತು.

"ಕೇಳಿಸುತ್ತೆ! ಹಾಗಾದ್ರೆ ಬೇಕಂತಲೇ ನಾಟಕ!"

ಸುತ್ತಿಗೆ ಎಸೆದು ಬಲಗೈಯಿಂದ ಕೆನ್ನೆಗೆ ಬಿಗಿದ. ಮಗು ರಿವೆಟ್ಟುಗಳ ಮೇಲೆ ಮುಖವಡಿಯಾಗಿ ಬಿತ್ತು, ತುಟಿ ಸೀಳಿತು. ಮಗಳು ಅದೇ ಸುತ್ತಿಗೆ ಎತ್ತಿ ಅಪ್ಪನ ಎಡಭುಜಕ್ಕೆ ಬೀಸಿದಳು. ಮೂಳೆ ಲಟಕ್ಕೆಂದಿತು. ಅಜ್ಜ ಬಾಗಿಲಿಗೆ ಅಡ್ಡವಾಗಿ ಕುಸಿದ.

"ನನ್ನ ಹೆಣ ದಾಟ್ಕೊಂಡು ಹೋಗು!"

"ದಾಟ್ತೀನಿ!"

ಅಷ್ಟರಲ್ಲಿ ಅಳು ನಿಲ್ಲಿಸಿ ಗುಬ್ಬಿ ಎದ್ದು ಬಂತು. ಹೆದರಲಿಲ್ಲ, ಮುನಿಯಲಿಲ್ಲ, ಅಜ್ಜನ ಮುಖವನ್ನೂ ನೋಡಲಿಲ್ಲ. ಈಗಷ್ಟೇ ತನ್ನನ್ನು ಹೊಡೆದ ಆ ಬಲಗೈಯ ಮಣಿಕಟ್ಟು ಹಿಡಿದು ಎಳೆದು, ಬಾಗಿಲ ಪಕ್ಕದ ನಲ್ಲಿಯ ಮೇಲಿಟ್ಟಿತು. ಕೆಲಸಕ್ಕೆ ಬೇಕಾದಾಗ ಅಜ್ಜ ಇಕ್ಕಳ ಎತ್ತಿಕೊಳ್ಳುವುದೂ ಹಾಗೆಯೇ, ಬರೀ ಒಂದು ಸಲಕರಣೆಯಂತೆ. ಮಗುವಿಗೆ ಬಾಯಾರಿತ್ತು.

ಅಜ್ಜ ಒಂದು ಸಿಟ್ಟನ್ನಾದರೂ, ಒಂದು ಹೆದರಿಕೆಯನ್ನಾದರೂ ಆ ಮುಖದಲ್ಲಿ ಹುಡುಕಿದ. ನಲ್ಲಿ ತಿರುಗಿಸಿದ. ಮಗು ರಕ್ತದ ತುಟಿಯಲ್ಲೇ ನೀರು ಕುಡಿಯಿತು.

"ಗುಬ್ಬೀ..." ಎಂದ. ತಿರುಗಲಿಲ್ಲ. ಅಂಗಲಾಚಿ ಮತ್ತೆ ಕರೆದ. ತಿರುಗಲಿಲ್ಲ.

ಬಾಗಿಲು ಬಿಟ್ಟು ಪಕ್ಕಕ್ಕೆ ಸರಿದ. "ನಾನೂ ಬರ್ಲಾ?"

ಮಗಳು ಮಗುವನ್ನು ಸೊಂಟಕ್ಕೆ ಎತ್ತಿಕೊಂಡಳು. ಸುತ್ತಿಗೆ ಮಾತ್ರ ಕೆಳಗಿಡಲಿಲ್ಲ.

"ಬಾ. ಈ ತುಟಿ ಹೇಗಾಯ್ತು ಅಂತ ಡಾಕ್ಟರಿಗೆ ನೀನೇ ಹೇಳು. ಇನ್ನೊಂದ್ಸಲ ಆ ಕೈ ಎತ್ತಿದ್ರೆ, ಅಪ್ಪ ಅನ್ನೋದನ್ನೂ ನೋಡಲ್ಲ."