ಗೀಜಗನ ಅರ್ಧ ಗೂಡು ಮತ್ತು ನನ್ನ ಕನ್ನಡ ಪರೀಕ್ಷೆ

ಗಣಿತ ಪಾಸು, ವಿಜ್ಞಾನ ಪಾಸು, ಕನ್ನಡ ಫೇಲು! ಮೂವತ್ತೇಳನೇ ವಯಸ್ಸಿನಲ್ಲಿ ಮನೆಯಲ್ಲೇ ಓದಿ ಹತ್ತನೇ ತರಗತಿ ಪರೀಕ್ಷೆಗೆ ಕಟ್ಟಿದ ನನ್ನ ಹಣೆಬರಹ ನೋಡಿ. ಅದೇ ಪರೀಕ್ಷೆ ಬರೆದ ಮಗಳು ಎಲ್ಲದರಲ್ಲೂ ಪಾಸಾಗಿದ್ದಳು. ಅವಳ ಜೊತೆಗೇ ದುರ್ಗದ ಕಾಲೇಜಿಗೆ ಸೇರುತ್ತೇನೆಂದು ನಾನು ಇಡೀ ಹಿರೇಗುಂಟನೂರಿಗೆ ಸಾರಿಕೊಂಡು ಬಂದಿದ್ದೆ. ಮರುಪರೀಕ್ಷೆಗೆ ಉಳಿದಿದ್ದು ಮೂರೇ ವಾರ.

ನನ್ನನ್ನು ಮುಳುಗಿಸಿದ್ದು ಗದ್ಯಭಾಗ ಓದಿ ಉತ್ತರ ಬರೆಯುವ ಪ್ರಶ್ನೆ. "ಓದಾಕೆ ನನಗೇನು ದಾಡಿ? ದಿನಾ ಪೇಪರ್ ಗಡಗಡ ಓದ್ತೀನಿ" ಎಂದು, ಓದೋದು ಅಭ್ಯಾಸ ಮಾಡು ಎಂದ ಮಗಳ ಮೇಲೆ ರೇಗಿದೆ.

ಆಗ ಅಂಗಳದಲ್ಲಿ ಬಿತ್ತನೆಗೆ ಶೇಂಗಾ ಸುಲಿಯುವ ಕೆಲಸ ನಡೆದಿತ್ತು. ಅತ್ತೆ, ಪಕ್ಕದ ಮನೆಯ ಇಬ್ಬರು ಹೆಂಗಸರು, ನಡುವೆ ಕಾಯಿಯ ರಾಶಿ. ಶಾಲೆಯ ಮೆಟ್ಟಿಲು ಹತ್ತದ ಅತ್ತೆ ಕೈ ನಿಲ್ಲಿಸದೆಯೇ ಹೇಳಿದರು: "ಹಂಗಾದ್ರೆ ಇಲ್ಲೇ ಕುಂತು ಓದು, ನಾವೂ ಕೇಳ್ತೀವಿ."

ಮಗಳು ಪುಸ್ತಕ ತೆರೆದುಕೊಟ್ಟಳು: ಗೀಜಗನ ಹಕ್ಕಿಯ ಮೇಲಿನ ಗದ್ಯ. ಒಂದೇ ಉಸಿರಿಗೆ ಓದಿ ಮುಗಿಸಿದೆ. ಮಗಳು ಕೆಳಗಿದ್ದ ಪ್ರಶ್ನೆ ಕೇಳಿದಳು: ಗಂಡು ಗೀಜಗ ಗೂಡನ್ನು ಅರ್ಧಕ್ಕೆ ಬಿಡುವುದೇಕೆ? ಪ್ರಶ್ನೆಯ ಪದ ಎಲ್ಲಿದೆಯೋ ಆ ಸಾಲನ್ನು ಹಾಗೇ ಎತ್ತಿ ಕೊಡುವುದು ನನ್ನ ಹಳೇ ಚಾಳಿ. "ಅರ್ಧಕ್ಕೆ ಬಿಟ್ಟ ಗೂಡುಗಳು ಜಾಲಿಮರದಲ್ಲಿ ನೇತಾಡುತ್ತಿರುತ್ತವೆ" ಎಂದು ಜಂಬದಿಂದ ಹೇಳಿದೆ.

"ನೇತಾಡೋದನ್ನ ನಾನೂ ನೋಡಿದೀನಿ ಕಣೆ" ಅಂದರು ಅತ್ತೆ. "ಯಾಕೆ ಬಿಡ್ತು ಅಂದ್ರೆ ನೇತಾಡ್ತಾವೆ ಅಂತೀಯಲ್ಲ! ಪುಸ್ತಕ ಮುಚ್ಚು. ಏನಾಯ್ತು ಅಂತ ಬಾಯಲ್ಲಿ ಹೇಳು."

ಮುಚ್ಚಿದೆ. ಗೂಡು, ಜಾಲಿಮರ ಬಿಟ್ಟು ಬೇರೇನೂ ನೆನಪಿರಲಿಲ್ಲ. ಸಿಟ್ಟು ನೆತ್ತಿಗೇರಿತು. ಮತ್ತೆ ಓದಿದೆ, ಈ ಸಲ ನಿಧಾನವಾಗಿ, ಅತ್ತೆಗೆ ಹೇಳಬೇಕಲ್ಲ ಎಂಬ ಭಯದಲ್ಲಿ. ಅಯ್ಯೋ, ಅಲ್ಲೇ ಇತ್ತು! ಪುಸ್ತಕ ಮುಚ್ಚಿ ಹೇಳಿದೆ: ಗಂಡು ಅರ್ಧ ಗೂಡು ಕಟ್ಟುತ್ತದೆ, ಹೆಣ್ಣು ಬಂದು ಒಳಗೂ ಹೊರಗೂ ನೋಡುತ್ತದೆ, ಹಿಡಿಸದಿದ್ದರೆ ಹೊರಟೇಬಿಡುತ್ತದೆ. ಪಾಪ, ಗಂಡು ಅದನ್ನು ಅಲ್ಲೇ ಬಿಟ್ಟು ಇನ್ನೊಂದು ಗೂಡು ಶುರುಮಾಡುತ್ತದೆ. ಹೆಂಗಸರು ಬಿದ್ದು ಬಿದ್ದು ನಕ್ಕರು. "ನಮಗೂ ಹಂಗೆ ಮದುವೆಗೆ ಮುಂಚೆ ಮನೆ ನೋಡಿ ಬರಾಕೆ ಬಿಟ್ಟಿದ್ರೆ ಕಾಣ್ತಿತ್ತು!" ಅಂದಳು ಪಕ್ಕದ ಮನೆಯಾಕೆ. ನನಗಂತೂ ಕುಣಿಯುವಷ್ಟು ಖುಷಿ. ಇಷ್ಟು ವರ್ಷ ಕಣ್ಣಲ್ಲಿ ಮಾತ್ರ ಓದಿದ್ದೆ.

ಅಂದಿನಿಂದ ದಿನಕ್ಕೊಂದು ಗದ್ಯ. ಓದು, ಮುಚ್ಚು, ಹೇಳು. ಅತ್ತೆಯ "ಯಾಕೆ?" ಕೇಳಿ ತಡವರಿಸಿದರೆ ಮತ್ತೆ ಮೊದಲಿಂದ. ಕಾಯಿ ಮುಗಿದರೂ ಪಾಠ ನಿಲ್ಲಲಿಲ್ಲ.

ಪರೀಕ್ಷೆಯಲ್ಲಿ ಬಂದಿದ್ದು ದೀಪಸ್ತಂಭ ಕಾಯುವವನ ಕಥೆ. ಸಮುದ್ರವನ್ನೇ ನಾನು ಕಂಡವಳಲ್ಲ. ಎರಡು ಸಲ ಓದಿ, ಪ್ರಶ್ನೆಪತ್ರಿಕೆಯನ್ನು ಬೋರಲು ಹಾಕಿ, ಮನಸ್ಸಿನಲ್ಲೇ ಅತ್ತೆಗೆ ಹೇಳತೊಡಗಿದೆ. ಹಗಲೆಲ್ಲ ದೀಪದ ಗಾಜು ಒರೆಸ್ತಾನಂತೆ ಅತ್ತೆ. "ಯಾಕೆ?" ಅಂದಂತಾಯಿತು. ಯಾಕೆಂದು ನನಗೆ ಗೊತ್ತಿತ್ತು! ಗಾಜಿಗೆ ಮಸಿ ಹಿಡಿದರೆ ರಾತ್ರಿ ಹಡಗಿನವರಿಗೆ ದಾರಿ ಕಾಣದು. ನನ್ನದೇ ಮಾತಿನಲ್ಲಿ ಬರೆದೆ.

ಫಲಿತಾಂಶ ಮಗಳ ಮೊಬೈಲಿಗೆ ಬಂತು. ಪಾಸು! ಅವಳು ಕಿರುಚಿದಳು, ನಾನು ಅವಳಿಗಿಂತ ಜೋರಾಗಿ ಕಿರುಚಿದೆ. ಅತ್ತೆ ರಾಗಿ ಕೇರುತ್ತಿದ್ದ ಮೊರವನ್ನು ಕೆಳಗಿಟ್ಟರು. ಅರ್ಧ ಕೆಲಸದಲ್ಲಿ ಅವರ ಕೈ ನಿಂತಿದ್ದನ್ನು ನಾನು ಕಂಡಿದ್ದು ಅದೇ ಮೊದಲು.

"ಕಾಲೇಜು ಯಾವತ್ತಿಂದ?"

"ಸೋಮವಾರದಿಂದ ಅತ್ತೆ."

"ಅಲ್ಲಿ ಹೇಳ್ಕೊಟ್ಟಿದ್ದನ್ನೆಲ್ಲ ಸಂಜೆ ಬಂದು ನನಗೆ ಹೇಳ್ಬೇಕು, ಇಬ್ರೂ. ಒಂದೂ ಬಿಡಂಗಿಲ್ಲ." ಮೊರವನ್ನು ಮತ್ತೆ ಎತ್ತಿಕೊಂಡರು. "ನಾನು ಇನ್ಯಾವಾಗ ಕಾಲೇಜು ಓದ್ಲಿ?"